ಕ್ಯಾಬರೆ ಅಂದ್ರೆ ಅದಲ್ಲ

…ಇಲ್ಲ, ನೀನೇ ಹೇಳು ಮಹಾದೇವ! ಬ್ಲಾಂಚರ್ಡ್ಸ್‌ಟೌನಿಂದ ಕಾರ್ಕ್‌ವರೆಗೆ, ಐರ್ಲೆಂಡಿನ ಅಷ್ಟೂ ಕನ್ನಡದ ಮನೆಯವರು ಝೂಮಲ್ಲಿ ಬಿದ್ದು ಬಿದ್ದು ನಕ್ಕರು. ಕಟ್ಟಿಕೊಂಡ ಗಂಡ ನೀನೊಬ್ಬ ಮಾತ್ರ ಹಿತ್ತಲ ಶೆಡ್ಡಲ್ಲಿ ಮೊಬೈಲ್ ಹಿಡ್ಕೊಂಡು, ಮುಖ ಹಿಂಗೆ… ಕಲ್ಲು! ಗಾಜಿನ ಬಾಗಿಲಾಚೆ ಕೇಳಿಸ್ತಿದೆ ತಾನೆ? ತಲೆಯಾದ್ರೂ ಆಡಿಸು. ಹಾಂ.

ನಾನೆಷ್ಟು ಒದ್ದಾಡಿದೀನಿ, ನಿನಗೇನು ಗೊತ್ತು! ಸಂಘದ ಅಧ್ಯಕ್ಷರು, ಆ ಚನ್ನಬಸಪ್ಪನವರು, ಕ್ಯಾಬರೆ ಅಂದ ತಕ್ಷಣ ಬೆಚ್ಚಿಬಿದ್ದರು. "ಗಗನಾ, ಹೆಂಗಸರು ಮಕ್ಕಳು ನೋಡ್ತಾರಮ್ಮ. ಹೊಸವರ್ಷಕ್ಕೆ ಅಂತ್ಯಾಕ್ಷರಿ ಸಾಕು." ಅಯ್ಯೋ ದೇವರೇ! ಅವರ ತಲೇಲಿರೋದು ಹಳೇ ಸಿನಿಮಾದ ಖಳನಾಯಕನ ಅಡ್ಡೆ, ಮಿಣಮಿಣ ಲಂಗ! ಸಾರ್, ನಾನು ಹಾಲೆಂಡಿನ ಯೂಟ್ರೆಕ್ಟಲ್ಲಿ ಓದುವಾಗ ಎಷ್ಟು ನೋಡಿದೀನಿ, ಡಚ್ಚರ ಕ್ಯಾಬರೆ ಅಂದ್ರೆ ಅದಲ್ಲ ಅಂದೆ. ಪ್ಯಾರಿಸ್ಸಿಂದ ಬಂದಿದ್ದು ನಿಜ, ನೂರು ವರ್ಷಕ್ಕೂ ಹಿಂದೆ. ಆಮೇಲೆ ಅದನ್ನ ತಮ್ಮದೇ ಮಾಡ್ಕೊಂಡ್ರು. ವೇದಿಕೆ ಮೇಲೆ ಒಬ್ಬರೇ, ಪಕ್ಕದಲ್ಲೊಂದು ಪಿಯಾನೋ, ಮಾತು, ಮಧ್ಯೆ ಮಧ್ಯೆ ಹಾಡು. ನಮ್ಮ ಹರಿಕಥೆ ದಾಸರ ಥರ ಸಾರ್, ಹರಿ ಇರಲ್ಲ ಅಷ್ಟೆ! ರಾಜ, ಮಂತ್ರಿ, ಪಾದ್ರಿ, ಯಾರನ್ನೂ ಬಿಡಲ್ಲ. ಡಿಸೆಂಬರ್ ಕೊನೇ ರಾತ್ರಿ ಇಡೀ ವರ್ಷವನ್ನ ಹಿಡಿದು ಜಾಲಾಡ್ತಾರೆ, ಮೊದಲು ರೇಡಿಯೋಲಿ, ಈಗ ಟಿವೀಲಿ. ದೇಶಕ್ಕೆ ದೇಶವೇ ಅದರ ಮುಂದೆ ಕೂತಿರತ್ತೆ. ಈ ಹಾಳು ಕೊರೋನಾದ ಇಪ್ಪತ್ತನೇ ಇಸವಿಯನ್ನ ಜಾಲಾಡದೆ ಇನ್ಯಾವುದನ್ನ…

ಏನು, ಸಾಕಾ? ಮುಖ ತಿರುಗಿಸ್ಬೇಡ!

ಸರಿ, ನಿನ್ನ ಮೇಲೆ ಜೋಕ್ ಮಾಡಿದೆ. ಮಾಡಿದೆ! ಐಸಿಯು ನರ್ಸ್, ಮಾಸ್ಕ್ ಹಾಕ್ಕೊಂಡೇ ಗೊರಕೆ ಹೊಡೀತಾನೆ, ಹೆಂಡತಿ ಬಡಿಸಿದ ತಟ್ಟೆಗೂ ಸ್ಯಾನಿಟೈಸರ್ ಹಾಕ್ತಾನೆ ಅಂದೆ. "ನಾನೆಷ್ಟು ಕರೆದ್ರೂ ಒಳಗೆ ಬರಲ್ಲ ಕಣ್ರೀ, ಶೆಡ್ಡಲ್ಲೇ ಗ್ರ್ಯಾಂಡ್, ಆರಾಮ ಅಂತಾನೆ" ಅಂದೆ. ಚನ್ನಬಸಪ್ಪನವರೂ ಹೊಟ್ಟೆ ಹಿಡ್ಕೊಂಡು ನಕ್ಕರಲ್ಲ! ತಮ್ಮ ಮನೆಯದನ್ನೇ ತೆಗೀಬೇಕು ಕಣೋ, ಅದೇ ಕ್ಯಾಬರೆ. ಪಕ್ಕದ ಮನೇದು ತೆಗೆದ್ರೆ ಅದು ಚಾಡಿ.

ಯಾಕೆ ಹಾಗೆ ನೋಡ್ತೀಯ?

…ಗೊತ್ತು. ಕೊನೇದು ಕೇಳ್ತಿದೀಯ. ಕ್ಯಾಬರೆಯವರು ಅಷ್ಟೊತ್ತು ನಗಿಸಿ, ಕೊನೆಗೊಂದು ನಿಜ ಹೇಳ್ತಾರೆ, ಸಭೆ ಉಸಿರು ಹಿಡ್ಕೊಳ್ಳತ್ತೆ. ಅದಕ್ಕೇ ಅಲ್ವಾ ಅಲ್ಲೀವರೆಗಿನ ನಗು! ನಾನೇ ನಿನಗೆ ಹೇಳಿದ್ದೆ. ಟೈಮ್ ಇರಲಿಲ್ಲ ಕಣೋ! ಅಂತ್ಯಾಕ್ಷರಿಯವರು ಕಾಯ್ತಿದ್ರು, ಚನ್ನಬಸಪ್ಪನವರು ಮುಗಿಸಿ ಅಂತ ಸನ್ನೆ… ಮಾಡಲಿಲ್ಲ. ಸರಿ, ಮಾಡಲಿಲ್ಲ! "ಇನ್ನೇನಾದ್ರೂ ಇದೆಯಾ ಗಗನಾ?" ಅಂತ ಅವರೇ ಕೇಳಿದ್ರು. ಇಲ್ಲ ಸಾರ್, ಅಂದೆ.

ಒಂದು ಸಲ ಬೈದುಬಿಡಬಾರದಾ ನೀನು? ನಿನ್ನ ಮೈಕ್ ಆನ್ ಇತ್ತು. ನಿನ್ನ ಮುಖ ನೋಡ್ಕೊಂಡೇ ಮಾತಾಡ್ತಿದ್ದೆ ನಾನು, ಈಗ ಬಾಯಿಬಿಡ್ತಾನೆ, ಈಗ ಬಿಡ್ತಾನೆ ಅಂತ… ನಿನ್ನ ಐಸೊಲೇಶನ್ ಮುಗಿದು ಎಷ್ಟು ದಿನ ಆಯ್ತು! ಮನೆಯವರ ಜೊತೆ ಇರಬಹುದು ಅಂತ ಆಸ್ಪತ್ರೆಯವರೇ ಹೇಳಿ ಕಳಿಸಿದ್ರು. ಬ್ಯಾಗ್ ಹಿಡ್ಕೊಂಡು ಬಂದು ಇಲ್ಲೇ, ಈ ಮೆಟ್ಟಿಲ ಮೇಲೇ ನಿಂತಿದ್ದೆ ನೀನು. ನಗ್ತಾ ನಿಂತಿದ್ದೆ.

ಶಾಂತಾ ಸತ್ತಿದ್ದು ಅದೇ ವಾರ ಕಣೋ. ನಿನ್ನದೇ ವಾರ್ಡಿನ ನರ್ಸ್. ಅವಳಿಂದ ಮನೆಗೆಲ್ಲ ಹಬ್ಬಿ, ಗಂಡ ವೆಂಟಿಲೇಟರಲ್ಲಿ… ಇಲ್ಲಿ ನಮ್ಮ ಮಗಳು ಪುಟ್ಟಿ ಸೋಫಾ ಮೇಲೆ ಮಲಗಿದ್ದಳು. ನೀನು ನಗ್ತಿದ್ದೆ. ನನ್ನ ಕೈ… ನನ್ನ ಕೈ ತಾನಾಗೇ…

ಮಾತಾಡೋ! ಚಳಿಗೆ ನಡುಗ್ತಿದೀಯ, ತುಟಿ ನೀಲಿಯಾಗಿದೆ, ಆದ್ರೂ ಬಾಗಿಲು ಬಡೀತಿಲ್ಲ. ಆವತ್ತೂ ಬಡೀಲಿಲ್ಲ. ಬ್ಯಾಗ್ ಎತ್ಕೊಂಡು ಸುಮ್ಮನೆ ಶೆಡ್ಡಿಗೆ ಹೋದೆ.

ಅಷ್ಟು ಜನರ ಮುಂದೆ ನೀನ್ಯಾಕೆ ಹೇಳಲಿಲ್ಲ ಮಹಾದೇವ? ಚಿಲಕ ಹಾಕಿರೋದು ಒಳಗಡೆಯಿಂದ ಅಂತ?