ಸಾಬ್ರೀನ್ ಬೆರಳಿನ ರಕ್ತದ ವಿಚಾರವಾಗಿ

ನನ್ನ ಹೆಸರು ಮಹಮೂದಾ, ಗಂಡ ದಿವಂಗತ ವಜೀರ್, ವಯಸ್ಸು 43, ಕಸಬು ಲೈಂಗಿಕ ರೋಗಗಳ ರಕ್ತಪರೀಕ್ಷೆ ಮಾಡುವ ಸಂಸ್ಥೆಯಲ್ಲಿ ಕಾರ್ಯಕರ್ತೆ, ವಾಸ ಶಿಡ್ಲಘಟ್ಟ ಟೌನ್. ಉಮೇರ್ ಎಂಬುವರು ನನ್ನ ಮೇಲೆ ಕೊಟ್ಟಿರುವ ದೂರಿನ ಬಗ್ಗೆ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ನಾನು ಮೊದಲು ರೇಷ್ಮೆ ನೂಲು ತೆಗೆಯುವ ಕೆಲಸದಲ್ಲಿದ್ದೆ. ಜೊತೆಯ ಹೆಂಗಸರನ್ನು ಅವರ ಮನೆಯಲ್ಲೇ ಪರೀಕ್ಷಿಸಲು ಸಂಸ್ಥೆಯವರು ತರಬೇತಿ ಕೊಟ್ಟಿರುತ್ತಾರೆ. ಉಮೇರ್ ರೇಷ್ಮೆಗೂಡಿನ ವ್ಯಾಪಾರಿ. ಅವರ ಹೆಂಡತಿ ಸಾಬ್ರೀನ್, 24 ವರ್ಷ, ಮದುವೆಗೆ ಮೊದಲು ನನ್ನ ಪಕ್ಕದಲ್ಲೇ ಕೂತು ನೂಲು ತೆಗೆದವರು. ಅವರಿಗೆ ಎರಡು ಮಕ್ಕಳು ಹೊಟ್ಟೆಯಲ್ಲೇ ಹೋಗಿದ್ದವು. ಮೂರನೆಯದಕ್ಕೆ ಮುರುಗಮಲ್ಲದ ದರ್ಗಾದಲ್ಲಿ ಹರಕೆ ಹೊತ್ತಿದ್ದರು.

ದಿನಾಂಕ 04-06-2025ರಂದು ಬೆಳಿಗ್ಗೆ 11 ಗಂಟೆಗೆ, ಸಾಬ್ರೀನ್ ತಾವಾಗಿಯೇ ಕರೆದಿದ್ದರಿಂದ ಅವರ ಮನೆಗೆ ಹೋದೆ. ಆಗ ಐದು ತಿಂಗಳು. ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆದು ಪರೀಕ್ಷೆಯ ಪಟ್ಟಿಯ ಮೇಲೆ ಹಾಕಿದೆ. ಎರಡು ಗೆರೆ ಬಂದವು. ಸಿಫಿಲಿಸ್ ಇರುವಂತಿದೆ, ಆಸ್ಪತ್ರೆಯಲ್ಲಿ ಖಚಿತ ಮಾಡಿಕೊಂಡು ಇಂಜೆಕ್ಷನ್ ಕೊಡುತ್ತಾರೆ, ಮಗು ಉಳಿಯುತ್ತದೆ, ಗಂಡನೂ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಅವರಿಂದ ಮತ್ತೆ ಅಂಟುತ್ತದೆ ಎಂದು ತಿಳಿಸಿದೆ. ಸಾಬ್ರೀನ್ ಅಳಲಿಲ್ಲ. ಹಾಗಾದರೆ ಮೊದಲಿನ ಎರಡೂ ಉಳಿಯುತ್ತಿದ್ದವೇ ಎಂದು ಕೇಳಿದರು. ನಾಳೆಯೇ ಆಸ್ಪತ್ರೆಗೆ ಹೋಗೋಣ ಎಂದೆ.

ಮಾರನೇ ದಿನ ಅವರನ್ನು ಆಸ್ಪತ್ರೆಗೆ ಕರೆದೊಯ್ಯಲು ಹೋದಾಗ ಉಮೇರ್ ಬಾಗಿಲಿಗೆ ಅಡ್ಡ ನಿಂತರು. ಹೆಂಡತಿ ಅವರಿಗೆ ಎಲ್ಲವನ್ನೂ ಹೇಳಿದ್ದರು. ಮರ್ಯಾದಸ್ಥರ ಮನೆಗೆ ಹೊಲಸು ಕಾಯಿಲೆ ಅಂಟಿಸಲು ಬಂದಿದ್ದೀಯಾ ಎಂದು ಬೈದರು. ನೀವೂ ಪರೀಕ್ಷೆ ಮಾಡಿಸಿ ಭಾಯ್ ಎಂದಿದ್ದಕ್ಕೆ ನನ್ನ ಚೀಲ ಕಿತ್ತುಕೊಂಡು ಮೋರಿಗೆ ಎಸೆದರು. ಆಮೇಲೂ ಎರಡು ಸಲ ಹೋದೆ. ಬಾಗಿಲು ತೆಗೆಯಲಿಲ್ಲ.

ದಿನಾಂಕ 19-07-2025ರಂದು ಗಂಡು ಮಗು ಸತ್ತೇ ಹುಟ್ಟಿತು. ನಾನು ಚುಚ್ಚಿದ ಸೂಜಿಯಿಂದ ವಿಷವೇರಿತು ಎಂಬುದು ಉಮೇರ್ ದೂರು. ಹೆರಿಗೆಯ ಮರುದಿನ ಆಸ್ಪತ್ರೆಯ ವಾರ್ಡಿನಲ್ಲಿ ಉಮೇರ್ ಇಲ್ಲದಾಗ ಸಾಬ್ರೀನ್ ನನ್ನ ಕೈ ಹಿಡಿದು, "ನಾನು ಆ ಮನೇಲೇ ಬಾಳ್ಬೇಕಲ್ಲ ಆಪಾ. ಪೊಲೀಸ್ನೋರು ಕೇಳಿದ್ರೆ ಸೂಜಿಯಿಂದಾನೇ ಅಂತೀನಿ. ನೀವು ಮಾತ್ರ ಕಾಯಿಲೆ ಹೆಸರು ಸಮೇತ ಇದ್ದಿದ್ದು ಇದ್ದಂಗೆ ಬರೆಸಿ" ಎಂದರು. ಅವರ ಒಪ್ಪಿಗೆ ಇರುವುದರಿಂದಲೇ ಇಷ್ಟನ್ನು ಹೇಳಿರುತ್ತೇನೆ. ಅವರ ಮೇಲೆ ನನಗೆ ಸಿಟ್ಟಿಲ್ಲ.

ಹೆರಿಗೆಯಾದ ಮೇಲೆ ಡಾಕ್ಟರು ಸಾಬ್ರೀನ್‌ಗೆ ಇಂಜೆಕ್ಷನ್ ಕೊಟ್ಟಿರುತ್ತಾರೆ. ಉಮೇರ್ ಇದುವರೆಗೂ ತೆಗೆದುಕೊಂಡಿಲ್ಲ. ನನ್ನ ಮೇಲೆ ಏನು ಕ್ರಮ ಜರುಗಿಸಿದರೂ ಸರಿ, ಅವರಿಗೆ ಆ ಇಂಜೆಕ್ಷನ್ ಕೊಡಿಸಬೇಕೆಂದು ಕೋರುತ್ತೇನೆ. ಸಾಬ್ರೀನ್ ನಾಳೆ ಅದೇ ಮನೆಗೆ ಹೋಗುತ್ತಿದ್ದಾರೆ.

ಬರೆದಿದ್ದನ್ನು ಓದಿಸಿ ಕೇಳಿದೆ. ನಾನು ಹೇಳಿದಂತೆಯೇ ಇದೆ, ಸತ್ಯವಾಗಿರುತ್ತದೆ.

ಸ್ಥಳ: ಶಿಡ್ಲಘಟ್ಟ
ದಿನಾಂಕ: 22-07-2025
ಸಹಿ: ಮಹಮೂದಾ