ನಲವತ್ತೊಂಬತ್ತು ಎಂದು ಬರೆದ ಹುಡುಗಿ

ಬುಧವಾರ ಮಧ್ಯಾಹ್ನ ಎರಡೂಕಾಲು ಗಂಟೆಗೆ ಒಂದೂರಿನ ಪಿಯು ಕಾಲೇಜಿನ ಲ್ಯಾಬಿನಲ್ಲಿ ಎಂಬತ್ತು ಹುಣಸೆಬೀಜಗಳು ಮೇಜಿನ ಮೇಲೆ ಬಿದ್ದವು. ಬಿಳಿ ಮೈ ಮೇಲಾಗಿ ಬಿದ್ದವು ಮೂವತ್ತೊಂದು. ಅವನ್ನು ತೆಗೆದಿಟ್ಟ ಮೇಲೆ ಉಳಿದವು ನಲವತ್ತೊಂಬತ್ತು. ಒಬ್ಬ ಹುಡುಗಿ ತನ್ನ ರೆಕಾರ್ಡ್ ಪುಸ್ತಕದಲ್ಲಿ ನಲವತ್ತೊಂಬತ್ತು ಎಂದು ಬರೆದಳು.

ಅವಳು ಮಾಡಿದ್ದು ಇಷ್ಟೇ. ಇಷ್ಟಕ್ಕೇ ಅವಳು ಪ್ರಾಯೋಗಿಕ ಪರೀಕ್ಷೆಗೆ ಕೂರುವುದು ಅನುಮಾನ ಎನ್ನುವ ಪರಿಸ್ಥಿತಿ ಬಂತು.

ನೋಡಿ, ಮಠದ ಪ್ರವಚನದಲ್ಲಿ ದೃಷ್ಟಾಂತ ಅಂದ ಮೇಲೆ ಒಂದೂರಲ್ಲಿ ಒಬ್ಬ ಶ್ರೀಮಂತ ಇರಬೇಕು, ಅವನಿಗೆ ದುರಾಸೆ ಇರಬೇಕು, ಕೊನೆಗೆ ಅವನಿಗೆ ಬುದ್ಧಿ ಬರಬೇಕು. ನೀವು ಆರಾಮಾಗಿ ಕುಳಿತು ಕೇಳುತ್ತೀರಿ. ಯಾಕೆಂದರೆ ಇಲ್ಲಿ ಕೂತವರಲ್ಲಿ ಒಬ್ಬರೂ ತಮ್ಮನ್ನು ಶ್ರೀಮಂತ ಎಂದು ಒಪ್ಪುವುದಿಲ್ಲ. ಇವತ್ತಿನ ಕಥೆಯಲ್ಲಿ ಶ್ರೀಮಂತನಿಲ್ಲ. ಒಬ್ಬ ಹುಡುಗಿ, ಒಬ್ಬ ಮೇಷ್ಟ್ರು, ಒಬ್ಬ ಅಟೆಂಡರ್, ಒಬ್ಬ ನೀರುಗಂಟಿ. ನಾಲ್ವರೂ ನಿಮ್ಮ ಹಾಗೆಯೇ ಇರುವವರು. ಆದ್ದರಿಂದ ಸ್ವಲ್ಪ ನೆಟ್ಟಗೆ ಕುಳಿತುಕೊಳ್ಳಿ.

ಮೊದಲು ಪಾಠ. ವಿಕಿರಣ ಸೂಸುವ ವಸ್ತುಗಳು ತಾವಾಗಿಯೇ ಕ್ಷಯಿಸುತ್ತಾ ಹೋಗುತ್ತವೆ. ಅಂಥ ಒಂದು ವಸ್ತುವಿನ ಪರಮಾಣುಗಳಲ್ಲಿ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲಕ್ಕೆ ಅರ್ಧಾಯು ಎನ್ನುತ್ತಾರೆ. ಥೈರಾಯ್ಡ್ ಕಾಯಿಲೆಗೆ ದೊಡ್ಡ ಆಸ್ಪತ್ರೆಗಳಲ್ಲಿ ಕೊಡುವ ಒಂದು ಬಗೆಯ ಅಯೋಡಿನ್ ಇದೆ. ಅದರ ಅರ್ಧಾಯು ಸುಮಾರು ಎಂಟು ದಿನ. ಎಂಟು ದಿನಕ್ಕೆ ಅರ್ಧ ಉಳಿಯುತ್ತದೆ. ಹದಿನಾರು ದಿನಕ್ಕೆ? ಸೊನ್ನೆ ಅಂದಿರಾ? ಅಲ್ಲ, ಕಾಲು. ಇಪ್ಪತ್ತನಾಲ್ಕು ದಿನಕ್ಕೆ ಅರೆಕಾಲು. ಯಾವ ಪರಮಾಣು ಯಾವಾಗ ಹೋಗುತ್ತದೆ ಎಂದು ಯಾರೂ ಹೇಳಲಾರರು. ಒಟ್ಟಿನಲ್ಲಿ ಎಷ್ಟು ಉಳಿಯುತ್ತದೆ ಎಂದು ಹೇಳಬಹುದು. ಹಾಗೆ ಹೇಳಲು ಆಗುವುದು ಯಾಕೆ? ಯಾರೋ ಕೂತು, ಅಳೆದು, ಅಳತೆಗೆ ಸಿಕ್ಕಿದ್ದನ್ನು ಸಿಕ್ಕಿದ ಹಾಗೆಯೇ ಬರೆದಿಟ್ಟರು. ಅದಕ್ಕೆ. ಈ ಮಾತು ನೆನಪಿರಲಿ.

ಕಾಲೇಜಿನಲ್ಲಿ ಮಕ್ಕಳ ಕೈಗೆ ವಿಕಿರಣ ವಸ್ತು ಕೊಡಲಾಗುವುದಿಲ್ಲ. ಆದ್ದರಿಂದ ಆಟದ ಹಾಗೆ ಒಂದು ಪ್ರಯೋಗ. ಹಿಂದೆ ಆ ಲ್ಯಾಬಿನಲ್ಲಿ ಎಂಬತ್ತು ಮರದ ಬಿಲ್ಲೆಗಳಿದ್ದವು. ಒಂದು ಮುಖಕ್ಕೆ ಬಿಳಿ ಬಣ್ಣ. ಎಲ್ಲವನ್ನೂ ಒಟ್ಟಿಗೆ ಎಸೆಯುವುದು, ಬಿಳಿ ಮುಖ ಮೇಲಾದವು ಕ್ಷಯಿಸಿದವು ಎಂದು ತೆಗೆದಿಡುವುದು, ಉಳಿದವನ್ನು ಎಣಿಸಿ ಬರೆಯುವುದು, ಮತ್ತೆ ಎಸೆಯುವುದು. ಬಿಲ್ಲೆ ಎರಡು ಕಡೆಯೂ ಚಪ್ಪಟೆ. ಹಾಗಾಗಿ ಹೆಚ್ಚುಕಡಿಮೆ ಅರ್ಧರ್ಧ ಬೀಳುತ್ತಿದ್ದವು. ಎಂಬತ್ತು, ನಲವತ್ತರ ಹತ್ತಿರ, ಇಪ್ಪತ್ತರ ಹತ್ತಿರ, ಹೀಗೆ. ಒಂದು ಎಸೆತವೇ ಅರ್ಧಾಯು.

ಒಂಬತ್ತು ವರ್ಷದ ಹಿಂದೆ ಬಿಲ್ಲೆಗಳನ್ನು ಗೆದ್ದಲು ತಿಂದಿತು. ಬೇರೆ ಮಾಡಿಸಿ ಎಂದು ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ. ಆಗ ಅಟೆಂಡರ್ ತನ್ನ ಮನೆಯಿಂದ ಹುಣಸೆಬೀಜ ತಂದು, ಒಂದೊಂದನ್ನೂ ಎರಡು ಹೋಳು ಮಾಡಿ, ಎಂಬತ್ತು ಹೋಳು ಎಣಿಸಿ, ಬಿಸ್ಕತ್ತಿನ ಡಬ್ಬಿಗೆ ತುಂಬಿಟ್ಟ. ಒಂದು ಮೈ ಕಂದು, ಒಂದು ಮೈ ಬಿಳಿ. ಚೌಕಾಬಾರಕ್ಕೆ ಮಾಡಿಕೊಳ್ಳುವ ಬೀಜದ ಹಾಗೆ.

ಬಿಲ್ಲೆ ಹೋಯಿತು, ಬೀಜ ಬಂತು. ರೆಕಾರ್ಡಿನ ಅಂಕಿ ಬದಲಾಗಲಿಲ್ಲ! ಒಂಬತ್ತು ವರ್ಷ, ಪ್ರತಿ ತರಗತಿಯೂ ಹಿಂದಿನ ವರ್ಷದ ಅಕ್ಕನ ರೆಕಾರ್ಡ್ ನೋಡಿ, ಅಣ್ಣನ ರೆಕಾರ್ಡ್ ನೋಡಿ ಬರೆಯಿತು. ಎಂಬತ್ತು, ನಲವತ್ತು, ಇಪ್ಪತ್ತು, ಹತ್ತು, ಐದು. ಮೇಷ್ಟ್ರು ಸಹಿ ಹಾಕಿದರು. ಡಬ್ಬಿ ಕಪಾಟಿನಲ್ಲಿಯೇ ಇತ್ತು.

ಆ ಬುಧವಾರ ಈ ಹುಡುಗಿ ಡಬ್ಬಿ ಕೇಳಿದಳು. ಮುಚ್ಚಳ ತುಕ್ಕು ಹಿಡಿದಿತ್ತು. ಚಮಚದ ಹಿಡಿ ಹಾಕಿ ಮೀಟಬೇಕಾಯಿತು.

ಪಕ್ಕದ ಗೆಳತಿ, ‘ಯಾಕೇ ಸುಮ್ನೆ ಕೈ ಕೊಳೆ ಮಾಡ್ಕೊಂತೀಯ? ನಮ್ಮಕ್ಕನ ರೆಕಾರ್ಡ್ ಐತೆ, ನೋಡ್ಕೊಂಡು ಬರ್ಕೋ. ಕ್ಯಾಂಟೀನ್‌ಗೆ ಹೋಗಣ’ ಎಂದಳು.

‘ಒಂದೇ ಸಲ ಹಾಕಿ ನೋಡ್ತೀನಿ ಇರೇ’ ಎಂದಳು ಹುಡುಗಿ.

ಹಾಕಿದಳು. ಎಂಬತ್ತು ಹೋಗಿ ನಲವತ್ತೊಂಬತ್ತು. ಆಮೇಲೆ ಇಪ್ಪತ್ತೆಂಟು, ಹದಿನೆಂಟು, ಹನ್ನೊಂದು, ಆರು. ತಾನೇ ತಪ್ಪಿದೆನೇನೋ ಎಂದು ಮೊದಲಿಂದ ಇನ್ನೆರಡು ಸಲ ಮಾಡಿದಳು. ಮೊದಲ ಎಸೆತಕ್ಕೆ ಉಳಿದದ್ದು ಒಮ್ಮೆ ನಲವತ್ತೇಳು, ಇನ್ನೊಮ್ಮೆ ನಲವತ್ತೆಂಟು. ಗ್ರಾಫ್ ಹಾಳೆಯಲ್ಲಿ ಗೆರೆ ಎಳೆದು ನೋಡಿದರೆ ಎಂಬತ್ತು ನಲವತ್ತಾಗಲು ಒಂದು ಪಾಯಿಂಟ್ ನಾಲ್ಕು ಎಸೆತ. ನಲವತ್ತು ಇಪ್ಪತ್ತಾಗಲು ಮತ್ತೆ ಒಂದು ಪಾಯಿಂಟ್ ನಾಲ್ಕು. ಇಪ್ಪತ್ತು ಹತ್ತಾಗಲೂ ಅಷ್ಟೇ. ಎಷ್ಟು ಚೆಂದದ ಲೆಕ್ಕ ನೋಡಿ! ಅರ್ಧಾಯು ಎಂದರೆ ಏನೆಂದು ಒಂಬತ್ತು ವರ್ಷದಲ್ಲಿ ಆ ಲ್ಯಾಬಿನೊಳಗೆ ಕಣ್ಣಾರೆ ಕಂಡವಳು ಅವಳೊಬ್ಬಳೇ.

ಗುರುವಾರ ಭೌತಶಾಸ್ತ್ರದ ಮೇಷ್ಟ್ರು ರೆಕಾರ್ಡುಗಳನ್ನು ತಿದ್ದಿದರು. ತರಗತಿಯಲ್ಲಿ ನಲವತ್ತೆರಡು ಮಕ್ಕಳು. ನಲವತ್ತೊಂದಕ್ಕೆ ಸಹಿ ಬಿತ್ತು. ನಲವತ್ತೆರಡನೆಯದಕ್ಕೆ ಕೆಂಪು ಇಂಕಿನಲ್ಲಿ ಅಡ್ಡಗೆರೆ ಬಿತ್ತು.

‘ಏನಮ್ಮಾ ಇದು? ಎಂಬತ್ತರಲ್ಲಿ ಅರ್ಧ ಎಷ್ಟು?’

‘ನಲವತ್ತು ಸಾರ್.’

‘ಗೊತ್ತಲ್ಲ? ಮತ್ತೆ ನಲವತ್ತೊಂಬತ್ತು ಯಾಕೆ ಬರ್ದೆ? ಒಂದನೇ ಕ್ಲಾಸ್ ಮಗಿನೂ ಹೇಳುತ್ತೆ.’

‘ಬಿದ್ದಿದ್ದು ಅಷ್ಟೇ ಸಾರ್. ಮೂರು ಸಲ ಹಾಕ್ದೆ.’

‘ಬಿದ್ದಿದ್ದು ಯಾರಿಗೆ ಬೇಕು? ಬೀಳಬೇಕಾದ್ದು ಬರಿ. ಶನಿವಾರ ನಾಲ್ಕು ಗಂಟೆ ಕೊನೆ. ಆಮೇಲೆ ಸಹಿ ಕೇಳ್ಕೊಂಡು ಸ್ಟಾಫ್‌ರೂಮ್ ಬಾಗಿಲಿಗೆ ಬರಬೇಡ.’

ಸಹಿ ಇಲ್ಲದ ರೆಕಾರ್ಡ್ ಹಿಡಿದು ಹೋದರೆ ಪ್ರಾಯೋಗಿಕ ಪರೀಕ್ಷೆಗೆ ಬಿಡುವುದಿಲ್ಲ. ಅವಳಿಗೆ ಗೊತ್ತಿತ್ತು. ಮೇಷ್ಟ್ರಿಗೂ ಗೊತ್ತಿತ್ತು.

ಬಿದ್ದಿದ್ದು ಯಾರಿಗೆ ಬೇಕು! ಈ ಮಾತು ಕೇಳಿದಾಗ ನನಗೆ ಮೈ ಉರಿಯಿತು. ವಿಜ್ಞಾನದ ಮೇಷ್ಟ್ರು, ವಿಜ್ಞಾನದ ಲ್ಯಾಬಿನಲ್ಲಿ ನಿಂತು, ಹದಿನೇಳು ವರ್ಷದ ಮಗುವಿಗೆ ಹೇಳಿದ ಮಾತು ಇದು. ಕಣ್ಣು ಮುಚ್ಚಿಕೋ, ಪುಸ್ತಕ ತೆರೆ. ಇದನ್ನು ಕಲಿಸಲು ಲ್ಯಾಬ್ ಯಾಕೆ ಬೇಕು? ಮೇಜು ಯಾಕೆ ಬೇಕು? ಸಂಬಳ ಯಾಕೆ ಬೇಕು?

ಗೆಳತಿಯರಿಗೆ ತಮಾಷೆ. ‘ಏ ನಲವತ್ತೊಂಬತ್ತು, ಊಟದ ಡಬ್ಬಿಲಿ ಇಡ್ಲಿ ಎಷ್ಟೈತೆ ಎಣಿಸ್ದೇನೇ?’ ಎರಡು ದಿನದಲ್ಲಿ ಅವಳ ಹೆಸರೇ ನಲವತ್ತೊಂಬತ್ತು ಆಯಿತು.

ಶುಕ್ರವಾರ ಸಂಜೆ ಅವಳು ಅಪ್ಪನಿಗೆ ಹೇಳಿದಳು. ಅಪ್ಪ ಆ ಊರಿನ ನೀರುಗಂಟಿ. ಮೂರು ವಾರ್ಡಿಗೆ ನೀರು ಬಿಡುವವನು. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿ, ನಲ್ಲಿಯ ನೀರಿಗೆ ಔಷಧಿಯ ಹನಿ ಬಿಟ್ಟು, ಬಣ್ಣ ನೋಡಿ, ನೀರಲ್ಲಿ ಕ್ಲೋರಿನ್ ಎಷ್ಟಿದೆ ಎಂದು ದಿನಾ ಬೆಳಿಗ್ಗೆ ರಿಜಿಸ್ಟರಿನಲ್ಲಿ ಬರೆಯುವುದು ಅವನ ಕೆಲಸ.

‘ಬರ್ದಾಕು ಮಗ. ಅವ್ರು ಕೇಳಿದ್ದು ಕೊಟ್ಬುಟ್ರೆ ತಲೆನೋವಿಲ್ಲ. ನಂದೇನು ಕಮ್ಮಿನಾ? ನಾನೂ ದಿನಾ ಸೊನ್ನೆ ಪಾಯಿಂಟ್ ಐದು ಅಂತ ಬರೀತೀನಿ.’

‘ಔಷಧಿ ಬಾಟ್ಲಿ ದೀಪಾವಳಿಗೇ ಖಾಲಿ ಆಯ್ತು ಅಂದಿದ್ದೆ ಅಲ್ವೇನಪ್ಪಾ?’

‘ಹ್ಞೂಂ.’

‘ಮತ್ತೆ ಪಾಯಿಂಟ್ ಐದು ಅಂತ ಹೆಂಗೆ ಗೊತ್ತಾಯ್ತದೆ?’

ಅಪ್ಪನ ಕೈಯಲ್ಲಿ ನೀರಿನ ಲೋಟ ಇತ್ತು. ಕುಡಿಯದೆ ಕೆಳಗಿಟ್ಟ. ದೀಪಾವಳಿ ಆಗಿ ಆಗಲೇ ಮೂರು ತಿಂಗಳಾಗಿತ್ತು.

ಶನಿವಾರ ಮಧ್ಯಾಹ್ನ ಮೂರು ಮುಕ್ಕಾಲಕ್ಕೆ ಹುಡುಗಿ ಸ್ಟಾಫ್‌ರೂಮಿಗೆ ಹೋದಳು. ಒಂದು ಕೈಯಲ್ಲಿ ರೆಕಾರ್ಡ್, ಇನ್ನೊಂದರಲ್ಲಿ ಆ ಡಬ್ಬಿ. ಅಂಕಿ ತಿದ್ದಿರಲಿಲ್ಲ.

‘ಸಾರ್, ನಂದು ತಪ್ಪಿದ್ರೆ ತಿದ್ತೀನಿ. ನೀವೇ ಒಂದು ಸಲ ಹಾಕಿ ಸಾರ್.’

ಕೊಠಡಿಯಲ್ಲಿ ಇನ್ನೂ ಮೂವರು ಮೇಷ್ಟ್ರುಗಳಿದ್ದರು. ಅವರ ಮುಂದೆ ಹಾಕುವುದಿಲ್ಲ ಎನ್ನಲು ಮೇಷ್ಟ್ರಿಗೆ ಆಗಲಿಲ್ಲ. ಡಬ್ಬಿ ಬೋರಲು ಹಾಕಿದರು. ಎಣಿಸಿದರು. ಮತ್ತೆ ಎಣಿಸಿದರು. ಬಿಳಿ ಮೂವತ್ತೆರಡು. ಉಳಿದದ್ದು ನಲವತ್ತೆಂಟು.

ಮೇಷ್ಟ್ರು ಏನೆಂದರು ಗೊತ್ತೇ? ಊಹಿಸಿ ನೋಡೋಣ. ‘ಬೀಜ ಸರಿ ಇಲ್ಲ’ ಎಂದರು.

ನಗುತ್ತೀರಿ! ಎಂಬತ್ತು ಬೀಜಗಳು ಮಾತಾಡಿಕೊಂಡು ಮೇಷ್ಟ್ರಿಗೆ ಮೋಸ ಮಾಡಿದವಂತೆ. ಬರೆದದ್ದು ಸರಿಯಂತೆ, ಬಿದ್ದದ್ದು ತಪ್ಪಂತೆ!

ಬಾಗಿಲಲ್ಲಿ ಚಹಾದ ಫ್ಲಾಸ್ಕ್ ಹಿಡಿದು ನಿಂತಿದ್ದ ಅಟೆಂಡರ್ ಬಾಯಿ ಬಿಟ್ಟ. ‘ಅವು ಬಿಲ್ಲೆ ಅಲ್ಲ ಸಾರ್, ಬೀಜ. ಸಿಪ್ಪೆ ಕಡೆ ಉಬ್ಬು, ಬಿಳೀ ಕಡೆ ಚಪ್ಪಟೆ. ಸಮ ಎಲ್ಲಿ ಬಿದ್ದಾತು? ನಮ್ಮನೆ ಹೆಂಗಸ್ರನ್ನ ಕೇಳಿ, ಇಂಥವೇ ಬೀಜ ಹಾಕಿ ಚೌಕಾಬಾರ ಆಡೋರು. ಬಿಳೀದು ಕಮ್ಮಿ ಬೀಳದು ಅವ್ರಿಗೆ ಗೊತ್ತು. ತಂದಿಟ್ಟು ಒಂಬತ್ತು ವರ್ಷ ಆಯ್ತು. ಈ ವಾರ್ದವರ್ಗೂ ಯಾರೂ ಡಬ್ಬಿ ತೆಗ್ದೇ ಇಲ್ವಲ್ಲ ಸಾರ್, ನಾನೇನು ಹೇಳ್ಲಿ?’

ಒಬ್ಬ ಮೇಷ್ಟ್ರಿಗೆ ಕೆಮ್ಮು ಬಂತು. ಭೌತಶಾಸ್ತ್ರದ ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು. ಗಡಿಯಾರದಲ್ಲಿ ನಾಲ್ಕಕ್ಕೆ ಐದು ನಿಮಿಷ ಇತ್ತು.

ಕಥೆಯನ್ನು ಇಲ್ಲಿ ನಿಲ್ಲಿಸುತ್ತೇನೆ. ಈಗ ನಿಮ್ಮ ಕಡೆ ತಿರುಗುತ್ತೇನೆ.

ನಿಮ್ಮಲ್ಲಿ ಡೇರಿಯಲ್ಲಿ ಹಾಲು ಅಳೆಯುವವರಿದ್ದೀರಿ. ಅಂಗನವಾಡಿಯಲ್ಲಿ ಕೂಸುಗಳನ್ನು ತೂಗುವ ತಾಯಂದಿರಿದ್ದೀರಿ. ಮೊನ್ನೆ ಒಬ್ಬರು ನನ್ನ ಹತ್ತಿರ ಹೆಮ್ಮೆಯಿಂದಲೇ ಹೇಳಿದರು, ‘ಬುದ್ಧೀ, ತಕ್ಕಡಿ ಕೆಟ್ಟು ಆರು ತಿಂಗಳಾಯ್ತು, ಆದ್ರೂ ನಮ್ಮ ರಿಜಿಸ್ಟರಲ್ಲಿ ಒಂದು ದಿನನೂ ಖಾಲಿ ಇಲ್ಲ’ ಎಂದು. ತಕ್ಕಡಿ ಇಲ್ಲದೆ ಮಗು ತಿಂಗಳಿಗೆ ಇನ್ನೂರು ಗ್ರಾಂ ತೂಕ ಏರಿದ್ದು ಹೇಗಮ್ಮಾ? ಮಗು ಬೆಳೆಯಿತೋ, ನಿನ್ನ ಪೆನ್ನು ಬೆಳೆಸಿತೋ? ನಾಳೆ ಆ ಮಗು ಸೊರಗಿದರೆ ವೈದ್ಯರು ಯಾವ ಪುಟ ನೋಡಬೇಕು?

ನನ್ನನ್ನೂ ಬಿಡಬೇಡಿ. ಈ ಮಠದ ಹಾಸ್ಟೆಲಿನಲ್ಲಿ ಊಟ ಮಾಡಿದ ಮಕ್ಕಳ ಸಂಖ್ಯೆ ದಿನವೂ ನೂರಿಪ್ಪತ್ತು. ಜ್ವರ ಹಬ್ಬಿ ಅರ್ಧ ಮಕ್ಕಳು ಊರಿಗೆ ಹೋಗಿದ್ದ ವಾರವೂ ನೂರಿಪ್ಪತ್ತು. ಆ ಪುಟದ ಕೆಳಗೆ ರುಜು ಹಾಕಿದವನು ನಾನು. ಈ ಹುಡುಗಿಯ ಕಥೆ ಕೇಳಿದ ಮೇಲೆ ಹಿಂದೆ ತಿರುಗಿಸಿ ನೋಡಿದೆ. ಹನ್ನೊಂದು ತಿಂಗಳು, ಒಂದೇ ಅಂಕಿ.

ನಾವು ಇದನ್ನು ಸುಳ್ಳು ಎನ್ನುವುದಿಲ್ಲ. ‘ಫಿಲಪ್ ಮಾಡೋದು’ ಎನ್ನುತ್ತೇವೆ. ಮೊದಲ ಸಲ ಫಿಲಪ್ ಮಾಡುವಾಗ ನಾಚಿಕೆ ಆಗುತ್ತದೆ. ಅವತ್ತು ಅರ್ಧ ನಾಚಿಕೆ ಹೋಗುತ್ತದೆ. ಎರಡನೇ ಸಲ ಉಳಿದ ಅರ್ಧದಲ್ಲಿ ಅರ್ಧ. ಮೂರನೇ ಸಲಕ್ಕೆ ಉಳಿದದ್ದು ಅರೆಕಾಲು. ಹತ್ತನೇ ಸಲಕ್ಕೆ ಸಾವಿರದಲ್ಲಿ ಒಂದು ಪಾಲೂ ಇಲ್ಲ. ಆಮೇಲೆ ಮಗಳು ಎದುರಿಗೆ ನಿಂತು ಬಾಟ್ಲಿ ಖಾಲಿ ಅಲ್ವೇನಪ್ಪಾ ಎಂದು ಕೇಳುವವರೆಗೆ ನೆನಪೇ ಆಗುವುದಿಲ್ಲ. ಆದರೆ ಆ ಲೆಕ್ಕದಲ್ಲಿ ಇನ್ನೊಂದು ಮಾತಿದೆ, ಅದನ್ನೂ ಕೇಳಿ. ಎಷ್ಟು ಅರ್ಧ ಮಾಡಿದರೂ ಉತ್ತರ ಪೂರ್ತಿ ಸೊನ್ನೆ ಆಗುವುದಿಲ್ಲ. ಏನೋ ಒಂದಿಷ್ಟು ಉಳಿಯುತ್ತದೆ. ನಾನು ಈಗ ಮಾತಾಡುತ್ತಿರುವುದು ನಿಮ್ಮೊಳಗೆ ಉಳಿದಿರುವ ಆ ಒಂದಿಷ್ಟರ ಜೊತೆ.

ನಾಳೆ ಬೆಳಿಗ್ಗೆಯಿಂದ ನೋಡದೆ ಬರೆಯಬೇಡಿ. ತೂಗದೆ ತೂಕ ಬರೆಯಬೇಡಿ. ಎಣಿಸದೆ ಎಣಿಕೆ ಬರೆಯಬೇಡಿ. ತಕ್ಕಡಿ ಕೆಟ್ಟಿದ್ದರೆ ‘ತಕ್ಕಡಿ ಕೆಟ್ಟಿದೆ, ತೂಗಿಲ್ಲ’ ಎಂದು ಅದೇ ಖಾನೆಯಲ್ಲಿ ಬರೆಯಿರಿ. ಬೈಸಿಕೊಳ್ಳುತ್ತೀರಿ. ಬೈಸಿಕೊಳ್ಳಿ! ನೀವು ಸುಳ್ಳು ತುಂಬಿದಷ್ಟು ದಿನ ಹೊಸ ತಕ್ಕಡಿ ಯಾಕೆ ಬಂದೀತು? ಪುಟ ನೋಡಿದವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತಿದೆಯಲ್ಲ? ಮನೆಯಲ್ಲಿ ಮಗು ಬಂದು ‘ನನಗೆ ಬಂದದ್ದು ಇಷ್ಟು’ ಎಂದರೆ, ಪಕ್ಕದ ಮನೆಯವನಿಗೆ ಎಷ್ಟು ಬಂತು ಎಂದು ಕೇಳುವ ಮೊದಲು ಅದು ಎಣಿಸಿದ್ದನ್ನು ಒಮ್ಮೆ ನೀವೂ ಕೂತು ಎಣಿಸಿ.

ಈಗ, ಮೇಷ್ಟ್ರ ಪೆನ್ನು ಎಲ್ಲಿತ್ತು? ನಾಲ್ಕಕ್ಕೆ ಐದು ನಿಮಿಷ ಇರುವಾಗ ಅವರು ಸಹಿ ಹಾಕಿದರು. ಹುಡುಗಿ ಪ್ರಾಯೋಗಿಕ ಪರೀಕ್ಷೆ ಬರೆದಳು. ರೆಕಾರ್ಡಿಗೆ ನಲವತ್ತೊಂದು ಮಕ್ಕಳಿಗೆ ಹತ್ತಕ್ಕೆ ಹತ್ತು ಬಂತು, ಅವಳಿಗೆ ಹತ್ತಕ್ಕೆ ಆರು. ಕೆಂಪು ಗೆರೆ ಹಾಗೆಯೇ ಇದೆ. ಯಾರೂ ಅಂಕ ತಿದ್ದಲಿಲ್ಲ.

ಆ ಶನಿವಾರ ಕಳೆದ ಸೋಮವಾರ ಬೆಳಿಗ್ಗೆ ಆರೂವರೆಗೆ ಅವಳ ಅಪ್ಪ ರಿಜಿಸ್ಟರ್ ತೆರೆದು, ಸೊನ್ನೆ ಪಾಯಿಂಟ್ ಐದು ಇರುತ್ತಿದ್ದ ಖಾನೆಯಲ್ಲಿ ‘ಔಷಧಿ ಇಲ್ಲ, ಪರೀಕ್ಷೆ ಮಾಡಿಲ್ಲ’ ಎಂದು ಬರೆದ. ಮೇಲಿನವರಿಂದ ಅವನಿಗೆ ನೋಟಿಸ್ ಬಂತು. ಎಂಟು ದಿನ ಅವನು ಅದನ್ನೇ ಬರೆದ. ಒಂಬತ್ತನೇ ದಿನ ಔಷಧಿಯ ಬಾಟಲಿ ಬಂತು.