ಎಡಗಡೆಯ ಫೋಟೊ

ಪ್ರಿಂಟಿಂಗ್ ಪ್ರೆಸ್ಸಿನ ಸರದಿಯಲ್ಲಿ ನನ್ನ ಮುಂದೆ ಬ್ಯೂಟಿ ಪಾರ್ಲರಿನ ಒಡತಿ ತನ್ನ ತಂಗಿಗೆ ಬ್ರೋಷರಿನ ಪ್ರೂಫ್ ತೋರಿಸುತ್ತಿದ್ದಳು.

“ಅಕ್ಕಾ, ಎಡಗಡೆ ‘ಮೊದಲು’ ಅಂತ ಹಾಕಿರೋದು ನಿನ್ನ ನಾದಿನಿ ಫೋಟೊ ಅಲ್ವಾ?”

“ಹೂಂ.”

“ಬಲಗಡೆ ‘ಆಮೇಲೆ’ ಅಂತ ಇರೋಳು?”

“ಯಾರೋ. ಪ್ರೆಸ್ಸಿನವರ ಕಂಪ್ಯೂಟರಲ್ಲಿದ್ಲು.”

“ನಾದಿನಿ ಹೇಗೆ ಒಪ್ಪಿದ್ಳು?”

“ಅವಳ ಫೋಟೊ ತೆಗೆಸಿದ್ದು ಬಲಗಡೆಗೇ ಕಣೇ. ಎರಡು ಗಂಟೆ ಕೂರಿಸಿ ತಿದ್ದಿ ತೀಡಿದೆ. ಆದ್ರೂ ಅಷ್ಟೇ. ಅದಕ್ಕೇ ಎಡಗಡೆ ಹಾಕಿಸ್ದೆ.”

“ಅವಳಿಗೆ ಗೊತ್ತಾ?”

“ಹಂಚುವಾಗ ಗೊತ್ತಾಗುತ್ತೆ. ಮನೆಮನೆಗೆ ಕೊಟ್ಟು ಬರೋದು ಅವಳೇ ತಾನೇ.”

“ಪಾಪ, ನನ್ನ ಫೋಟೊ ಬರುತ್ತೆ ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದಿದಾಳೆ.”

“ಒಳ್ಳೇದಾಯ್ತು. ಯಾರೂ ನೋಡದೆ ಬಿಸಾಕಲ್ಲ.”

ತಂಗಿ ಪ್ರೂಫಿನ ಕೆಳಗೆ ಬರೆದಿದ್ದ ಪ್ರತಿಗಳ ಸಂಖ್ಯೆಯ ಮೇಲೆ ಬೆರಳಿಟ್ಟಳು.

“ಹಾಗಾದ್ರೆ ಸಾವಿರ ಸಾಲಲ್ಲ ಅಕ್ಕಾ. ಎರಡು ಸಾವಿರ ಹೇಳು.”

ಅಕ್ಕ ಸಂಖ್ಯೆ ತಿದ್ದಿ ಪ್ರೂಫಿಗೆ ಸಹಿ ಹಾಕಿದಳು. ಇಬ್ಬರೂ ನಗುತ್ತಾ ಮೆಟ್ಟಿಲಿಳಿದರು.